ತಿಂದದ್ದು ಮೈಗೆ ಹತ್ತವಲ್ದು

ನನ್ನ ಮಗಳಿಗೆ ಉಣಿಸಿ ಉಣಿಸಿ ಕೈ ಸೋತಿದ್ದ ಕಾಲದಲ್ಲೇ, ನಮ್ಮ ಓಣಿಯವರಿಂದ ಹಿಡಿದು ಆಸ್ಪತ್ರೆಯ ಆಯಾಗಳವರೆಗೆ ಎಲ್ಲರಿಗೂ ಒಂದು ಮಾತು ಖಾತ್ರಿಯಾಗಿತ್ತು: ಕಂಡಕ್ಟರ್ ಹುಲಿಗೆಮ್ಮ ಹೆತ್ತ ಕೂಸಿಗೆ ಕೂಳು ಹಾಕುವುದಿಲ್ಲ. ಮಗಳು ಈಗ ಆರಾಮ ಇದ್ದಾಳೆ. ನಾನು ಇದನ್ನು ಬರೆಯುತ್ತಿರುವ ಹೊತ್ತಿಗೆ ಅಂಗಳದಲ್ಲಿ ಕೋಳಿಯ ಬೆನ್ನು ಬಿದ್ದು ಓಡುತ್ತಿದ್ದಾಳೆ, ಕೋಳಿಯ ಗತಿ ದೇವರಿಗೇ ಗೊತ್ತು. ಆದರೆ ನನ್ನ ಸಿಟ್ಟು ಇಳಿದಿಲ್ಲ. ಸಿಟ್ಟು ಇರುವಾಗಲೇ ಬರೆದುಬಿಡಬೇಕು ಅನಿಸಿ ಕೂತಿದ್ದೇನೆ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಒಮ್ಮೆ ಕುಷ್ಟಗಿ ದಾರಿ, ಒಮ್ಮೆ ಗಂಗಾವತಿ ದಾರಿ, ಒಮ್ಮೆ ಯಲಬುರ್ಗಾ ಕಡೆಯ ಹಳ್ಳಿಗಳು. ಬಾಯಿ ಜೋರು ಅಂತ ಹೆಸರು ತಗೊಂಡವಳು. ಬಸ್ಸಿನಲ್ಲಿ ನಿಂತು "ಒಳಗ ನಡೀರಿ" ಅಂತ ಒದರಿದರೆ ಸೀಟಿನಲ್ಲಿ ಕೂತಿದ್ದ ಡ್ರೈವರ್‌ಗೂ ಒಂದು ಹೆಜ್ಜೆ ಮುಂದೆ ಸರಿಯಬೇಕು ಅನಿಸುತ್ತದಂತೆ. ಮನೆ ತಳಕಲ್ಲಿನಲ್ಲಿ. ಗಂಡ ಯಮನೂರಪ್ಪ ಗೌಂಡಿ, ಗೋಡೆ ಕಟ್ಟುವವನು, ಮಾತು ಬಲು ಕಡಿಮೆ. ಜೊತೆಗೆ ಅತ್ತೆ. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಹುಟ್ಟಿದವಳು ಶ್ರಾವಣಿ.

ಹೆರಿಗೆ ರಜೆ ಮುಗಿದು ಡ್ಯೂಟಿಗೆ ಮರಳಿದಾಗ ಕೂಸು ಅತ್ತೆಯ ಕೈಗೆ ಹೋಯಿತು. ಆಕೆ ನಾಲ್ಕು ಮಕ್ಕಳನ್ನು ಸಾಕಿದವರು. ಗಂಜಿ, ನೀರು ಬೆರೆಸಿದ ಹಾಲು, ಚಹಾದಲ್ಲಿ ನೆನೆಸಿದ ಬಿಸ್ಕತ್ತು, ಅವರಿಗೆ ಗೊತ್ತಿದ್ದ ಹಾಗೆ ನಡೆಯಿತು. ಬೇಸಿಗೆಯಲ್ಲಿ ಕೂಸಿಗೆ ಹೊಟ್ಟೆ ಕೆಟ್ಟಿತು. ಕೆಟ್ಟದ್ದು ಬೇಗ ನಿಲ್ಲಲಿಲ್ಲ. ಹೊಟ್ಟೆ ಹರಿಯುವಾಗ ಗಟ್ಟಿ ಏನೂ ಕೊಡಬಾರದು ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ, ಗಂಜಿಯ ತಿಳಿ ಬಿಟ್ಟು ಬೇರೆ ಕೊಡಲಿಲ್ಲ. ಆ ಬೇಧಿ ನಿಲ್ಲುವಷ್ಟರಲ್ಲಿ ನನ್ನ ಕೂಸಿನ ತೊಡೆಯ ಮಾಂಸವೆಲ್ಲ ಕರಗಿ ಚರ್ಮ ಜೋತುಬಿದ್ದಿತ್ತು. ಹೌದು, ಶುರುವಾದದ್ದು ಹಸಿವಿನಿಂದಲೇ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆಮೇಲೆ ಆದದ್ದು ಬೇರೆ, ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಬೇಧಿ ನಿಂತ ಮೇಲೆ ನಾವು ಉಣಿಸಲು ಶುರು ಮಾಡಿದೆವು. ತುಪ್ಪ ಹಾಕಿದ ಅನ್ನ, ಹಿಸುಕಿದ ಕೋಳಿ ತತ್ತಿ, ಶೇಂಗಾ ಪುಡಿ, ರವೆಯ ಸಜ್ಜಕ, ಸರ್ಕಾರದ ಪಾಕೀಟಿನ ಹಿಟ್ಟು. ಕೂಸು ತಿನ್ನುತ್ತಿತ್ತು. ನಿಧಾನಕ್ಕೆ, ಮುಖ ಕಿವುಚಿ, ಆದರೆ ತಿನ್ನುತ್ತಿತ್ತು. ತಿಂದಷ್ಟೂ ಹೊರಗೆ ಹೋಗುತ್ತಿತ್ತು. ಹೊಟ್ಟೆ ಮಾತ್ರ ಡೊಳ್ಳಾಯಿತು, ಕೈಕಾಲು ಕಡ್ಡಿ. ಅದರ ಬಟ್ಟೆ ತೊಳೆಯುವಾಗ ಬಕೀಟಿನ ನೀರಿನ ಮೇಲೆ ಎಣ್ಣೆಯ ಹಾಗೆ ಜಿಡ್ಡು ತೇಲುತ್ತಿತ್ತು. ಬೂದಿ ಬಣ್ಣ, ಕೆಟ್ಟ ವಾಸನೆ, ಎಷ್ಟು ಸಾಬೂನು ತಿಕ್ಕಿದರೂ ಬಿಡದ ಜಿಡ್ಡು. ಹೊಟ್ಟೆಯ ವಿಷಯ ಹೇಳುತ್ತಿದ್ದೇನೆ, ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ.

ನಮ್ಮ ಕಡೆ ಇದಕ್ಕೊಂದು ಮಾತಿದೆ. ತಿಂದದ್ದು ಮೈಗೆ ಹತ್ತವಲ್ದು. ಉಂಡ ಅನ್ನ ಮೈಯಲ್ಲಿ ನಿಲ್ಲುತ್ತಿಲ್ಲ, ರಕ್ತಮಾಂಸ ಆಗುತ್ತಿಲ್ಲ ಅಂತ ಅರ್ಥ. ನನಗೆ ಗೊತ್ತಿದ್ದದ್ದು ಆ ಮಾತೊಂದೇ. ಅದನ್ನೇ ಹಿಡಿದುಕೊಂಡು ಒಂದು ಆಸ್ಪತ್ರೆಗೆ ಹೋದೆ. ಯಾವ ಊರಿನದು ಅಂತ ಹೇಳುವುದಿಲ್ಲ.

ಬೆಂಚು ತುಂಬಿತ್ತು. ಶ್ರಾವಣಿಯನ್ನು ನೋಡಿದ ಕೂಡಲೇ ಪಕ್ಕದ ಹೆಂಗಸು ತನ್ನ ಕೂಸನ್ನು ಇನ್ನೊಂದು ತೊಡೆಗೆ ಸರಿಸಿಕೊಂಡಳು. ಎದುರಿಗೆ ಕೂತಿದ್ದ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನು ಡ್ಯೂಟಿ ಮುಗಿಸಿ ಬಂದವಳು ಬಟ್ಟೆ ಬದಲಿಸದೆ ಕೂಸನ್ನು ಎತ್ತಿಕೊಂಡು ಬಂದಿದ್ದೆ, ಖಾಕಿ ಮೈಮೇಲಿತ್ತು.

"ನೌಕರಿ ಮಾಡ್ತೀಯೇನವ್ವ?" ಅಂದಳು ಅಜ್ಜಿ.

"ಹೌದ್ರಿ."

"ಅದಕ್ಕ ಮತ್ತ."

ಅಷ್ಟೇ. 'ಅದಕ್ಕ ಮತ್ತ' ಅನ್ನುವ ಆ ಎರಡು ಮಾತು ಒಂದು ವರ್ಷ ನನ್ನ ಬೆನ್ನು ಬಿಡಲಿಲ್ಲ.

ಒಳಗೆ ಇದ್ದ ಡಾಕ್ಟರು ಸಣ್ಣ ವಯಸ್ಸಿನವರು, ಮೈಸೂರು ಕಡೆಯವರು ಅಂತ ಮಾತಿನಲ್ಲೇ ತಿಳಿಯಿತು. "ಏನಮ್ಮ ತೊಂದ್ರೆ?" ಅಂದರು.

"ಕೂಸಿಗೆ ತಿಂದದ್ದು ಮೈಗೆ ಹತ್ತವಲ್ದ್ರಿ ಸರ."

"ಮೈಗೆ ಹತ್ತುತ್ತಾ? ಎಷ್ಟು ದಿನದಿಂದ?"

"ಬೇಸಿಗಿಯಿಂದ್ರಿ. ಏನ್ ಕೊಟ್ರೂ ಹತ್ತವಲ್ದು."

ಅವರು ಕೂಸಿನ ತೋಳು ಹಿಡಿದು ನೋಡಿದರು. ಚರ್ಮ ಒಣಗಿ ಅಲ್ಲಲ್ಲಿ ಹೊಪ್ಪಳೆ ಎದ್ದಿತ್ತು. ತಲೆಯಾಡಿಸಿದರು, ಏನೋ ಗೀಚಿದರು. "ಬೆಳಗ್ಗೆ ಸಂಜೆ ಹಚ್ಚಿ, ಸರಿಹೋಗುತ್ತೆ. ಚೆನ್ನಾಗಿ ಊಟ ಕೊಡಿ." ಔಷಧಿ ಅಂಗಡಿಯವನು ಟ್ಯೂಬೊಂದನ್ನು ಕೊಟ್ಟಾಗ ಕೇಳಿದೆ, ಇದನ್ನು ಕೂಸಿಗೆ ಹೇಗೆ ಕುಡಿಸುವುದು ಅಂತ. ಅವನು ಗಾಬರಿಯಾದ. "ಅಕ್ಕಾರ, ಕುಡಿಸಬ್ಯಾಡ್ರಿ! ಇದು ತುರಿಕಿ ಮುಲಾಮ್ ಐತ್ರಿ!"

ಮೈಗೆ ಏನೋ ಅಂಟಿದೆ ಅಂತ ಡಾಕ್ಟರು ತಿಳಿದಿದ್ದರು! ಮರಳಿ ಓಡಿದೆ. ಚೀಟಿಯ ಹೊತ್ತು ಮುಗಿದಿತ್ತು, ಬಾಗಿಲು ಹಾಕಿತ್ತು. ಆ ಹುಡುಗ ಡಾಕ್ಟರ ಮೇಲೆ ನನಗೆ ಈಗ ಅಷ್ಟು ಸಿಟ್ಟಿಲ್ಲ. ಆದರೆ ಹೊರನಾಡಿನಿಂದ ಬಂದವರು ಕನ್ನಡದಲ್ಲಿ ತಡವರಿಸಿದರೆ ನಾವು ಅರ್ಥ ಮಾಡಿಕೊಳ್ಳಲು ಎಷ್ಟು ಒದ್ದಾಡುತ್ತೇವೆ! ನಮ್ಮದೇ ಕನ್ನಡದಲ್ಲಿ ಹೇಳಿದ ನನ್ನ ಮಾತಿಗೆ "ಹಂಗಂದ್ರೇನು?" ಅಂತ ಒಂದು ಪ್ರಶ್ನೆ ಕೇಳಲು ಏನಾಗಿತ್ತು?

ಮುಂದಿನ ಡಾಕ್ಟರು ನಮ್ಮ ಕಡೆಯವರೇ. ಅವರಿಗೆ ನನ್ನ ಮಾತು ತಿಳಿಯಿತು. ನಂಬಿಕೆ ಬರಲಿಲ್ಲ.

"ಏನೇನ್ ತಿನ್ನಸ್ತಿ ಹೇಳು."

ಹೇಳಿದೆ.

"ತುಪ್ಪ, ತತ್ತಿ, ಶೇಂಗಾ. ಇಷ್ಟೆಲ್ಲ ತಿಂದ ಕೂಸು ಹಿಂಗಿರತೈತೇನು? ನನ್ನ ಮುಂದ ಸುಳ್ಳ ಹೇಳಬ್ಯಾಡ. ಮನ್ಯಾಗ ಅತ್ತಿ ಕಡೆ ಬಿಟ್ಟು ಹೋಗ್ತಿ, ಅವರು ಉಣಸಂಗಿಲ್ಲ, ನಿನಗ ಗೊತ್ತಾಗಂಗಿಲ್ಲ."

"ಸರ, ಸೂಟಿ ಇದ್ದಾಗ ನಾನ ಉಣಸ್ತೇನ್ರಿ. ಅದರ ಸಂಡಾಸ ನೋಡ್ರಿ ಒಮ್ಮೆ, ಬರೇ ಎಣ್ಣಿ..."

"ಏ, ಅದನ್ನೆಲ್ಲ ಇಲ್ಲಿ ಹೇಳಬ್ಯಾಡವ್ವ. ಉಣಸು ಮೊದಲ."

ಅದನ್ನೆಲ್ಲ ಆಸ್ಪತ್ರೆಯಲ್ಲಿ ಹೇಳದೆ ಬಸ್‌ಸ್ಟ್ಯಾಂಡಿನಲ್ಲಿ ಹೇಳಲೇ? ಕೇಳಬೇಕಿತ್ತು. ಬಸ್ಸಿನಲ್ಲಿ ಎಂಥವರಿಗೂ ಉತ್ತರ ಕೊಡುವ ನನ್ನ ಬಾಯಿ ಅಲ್ಲಿ ಬಿದ್ದುಹೋಗಿತ್ತು. ಕೂಸು ಅವರ ಕೈಯಲ್ಲಿದ್ದಾಗ ತಾಯಿಯ ಬಾಯಿ ಏಳುವುದಿಲ್ಲ, ಅದು ಅವರಿಗೂ ಗೊತ್ತಿರುತ್ತದೆ.

ಮನೆಗೆ ಬಂದರೆ ಯಮನೂರಪ್ಪ ಅವ್ವನ ಮುಖ ನೋಡಿದ, ಅತ್ತೆ ನನ್ನ ಮುಖ ನೋಡಿದರು, ನಾನು ಇಬ್ಬರ ಮುಖವನ್ನೂ ನೋಡಿದೆ. ಹೊರಗಿನವರು ಬೈದರೆ ಮನೆಯವರು ಒಂದಾಗಬೇಕು. ನಮ್ಮಲ್ಲಿ ಆದದ್ದು ಉಲ್ಟಾ. ಅತ್ತೆ ಸರಿಯಾಗಿ ಉಣಿಸುತ್ತಾರೋ ಇಲ್ಲವೋ ಅಂತ ನಾನು ಪಕ್ಕದ ಮನೆಯವರನ್ನು ಕೇಳತೊಡಗಿದೆ. ಅದು ಅತ್ತೆಗೆ ತಿಳಿದು, "ನಿನ್ನ ಗಂಡನ್ನ ನಾನ ಉಣಿಸಿ ಬೆಳಸೇನಿ, ಗಾಳಿ ಕುಡದು ದೊಡ್ಡಾಂವ ಆಗಿಲ್ಲ ಅಂವ!" ಅಂತ ತಟ್ಟೆ ಎತ್ತಿಟ್ಟರು. ಕೂಸು ನಡುವೆ ಮಲಗಿ ಇಬ್ಬರನ್ನೂ ನೋಡುತ್ತಿತ್ತು. ಅಳುತ್ತಲೂ ಇರಲಿಲ್ಲ. ಅಳುವುದನ್ನು ಅದು ಬಿಟ್ಟೇಬಿಟ್ಟಿತ್ತು, ನನ್ನ ಎದೆ ಒಡೆದದ್ದು ಅದಕ್ಕೆ.

ಕೊನೆಗೆ ಬಡಕಲು ಮಕ್ಕಳನ್ನು ಇಟ್ಟುಕೊಂಡು ಉಣಿಸುವ ವಾರ್ಡಿಗೆ ಸೇರಿಸಿದರು. ಗೋಡೆಯ ಮೇಲೆ ಗುಂಡು ಗುಂಡು ಮಕ್ಕಳ ಚಿತ್ರ, ಹಣ್ಣು ತರಕಾರಿಗಳ ಚಿತ್ರ. ಹೊತ್ತು ಹೊತ್ತಿಗೆ ಅಳೆದು ಕೊಡುವ ಹಾಲು. ಬೇರೆ ಮಕ್ಕಳು ಒಂದೊಂದಾಗಿ ಕಣ್ಣು ಬಿಟ್ಟವು, ಕೈ ಚಾಚಿದವು, ತೂಕ ಏರಿಸಿಕೊಂಡವು. ಶ್ರಾವಣಿ ಇದ್ದಲ್ಲೇ ಇದ್ದಳು. ತೂಕದ ತೊಟ್ಟಿಲಲ್ಲಿ ಅವಳನ್ನು ಹಾಕಿದಾಗೆಲ್ಲ ನಾನು ಉಸಿರು ಬಿಗಿಹಿಡಿಯುತ್ತಿದ್ದೆ, ಉಸಿರು ಬಿಟ್ಟರೆ ಎಲ್ಲಿ ಇನ್ನಷ್ಟು ಕಡಿಮೆಯಾಗುತ್ತಾಳೋ ಅನ್ನುವ ಹಾಗೆ.

ಒಂದು ಬೆಳಿಗ್ಗೆ ತೂಕ ಹಾಕಿದ ಸಿಸ್ಟರ್ ನನ್ನ ಕಡೆ ತಿರುಗಿದಳು. "ಖರೇ ಹೇಳು. ಕೂಸಿನ ಹಾಲು ನೀನ ಕುಡೀತಿಯೇನು?"

ವಾರ್ಡಿನವರೆಲ್ಲ ತಿರುಗಿ ನೋಡಿದರು. ನನ್ನ ಕಿವಿಗೆ ಬಿಸಿ ಎಣ್ಣೆ ಹೊಯ್ದಂತಾಯಿತು. ಉತ್ತರ ಕೊಟ್ಟವಳು ಪಕ್ಕದ ಹಾಸಿಗೆಯ ಹಸೀನಾ. ಗಂಗಾವತಿಯವಳು, ಬಳೆ ಅಂಗಡಿಯವರ ಸೊಸೆ, ಮಗನನ್ನು ಕರೆದುಕೊಂಡು ಬಂದಿದ್ದಳು.

"ಸಿಸ್ಟರ್, ಏನಂತ ಮಾತಾಡ್ತೀರಿ ನೀವು? ಅಲ್ಲಾನ ಆಣಿ ಮಾಡಿ ಹೇಳ್ತೇನಿ, ಒಂದ್ ಹನಿ ಆಕಿ ಬಾಯಾಗ ಹೋಗಿಲ್ಲ. ನಾ ದಿನಾ ನೋಡಾಕತ್ತೇನಿ. ಹಾಲು ಬಿಡ್ರಿ, ಆಕಿ ತನ್ನ ಊಟಾನ ಮಾಡವಲ್ಲಳು!"

"ನಿನ್ನ ಯಾರ್ ಕೇಳಿದ್ರು?"

"ಯಾರೂ ಕೇಳಂಗಿಲ್ಲಂತನ ಹೇಳಾಕತ್ತೇನಿ."

ಸಿಸ್ಟರ್ ಹೋದ ಮೇಲೆ ಹಸೀನಾ ತನ್ನ ಡಬ್ಬಿ ತೆಗೆದು ನನ್ನ ತೊಡೆಯ ಮೇಲಿಟ್ಟಳು. "ತಿನ್ನ. ಈಗ ಅತ್ರ ಕೂಸು ಹೆದರತೈತಿ. ತಿಂದ ಮ್ಯಾಲ ಅಳು." ರೊಟ್ಟಿ, ಬದನೆಕಾಯಿ ಪಲ್ಯ. ಅತ್ತುಕೊಂಡೇ ತಿಂದೆ. ಆ ವಾರ್ಡಿನಲ್ಲಿ ನನ್ನನ್ನು ನಂಬಿದ ಮೊದಲನೆಯವಳು ಅವಳು, ಅದನ್ನು ನಾನು ಮರೆಯುವವಳಲ್ಲ.

ತೂಕ ಏರದ ಕೂಸನ್ನು ಇಟ್ಟುಕೊಂಡು ಅವರಿಗೂ ಬೇಸರವಾಯಿತು. ಹುಬ್ಬಳ್ಳಿಗೆ ಕಳಿಸಿದರು. ಯಮನೂರಪ್ಪ ಕೆಲಸ ಬಿಟ್ಟು ಜೊತೆಗೆ ಬಂದ.

ಅಲ್ಲಿನ ಡಾಕ್ಟರಮ್ಮನಿಗೆ ತಲೆ ಅರ್ಧ ನರೆತಿತ್ತು. ನಾನು ಬೈಗುಳಕ್ಕೆ ತಯಾರಾಗಿಯೇ ಕೂತಿದ್ದೆ. ಏನು ಉಣಿಸುತ್ತೀ ಅಂತ ಕೇಳಿದರೆ ಈ ಸಲ ಎದ್ದು ಹೋಗಿಬಿಡುವುದೇ ಅಂತ ನಿರ್ಧಾರ ಮಾಡಿದ್ದೆ. ಆಕೆ ಕೂಸಿನ ಹೊಟ್ಟೆ ಮುಟ್ಟಿ ನೋಡಿ, ಕೈ ತೊಳೆದು ಬಂದು ಕೂತು ಕೇಳಿದ್ದು ಬೇರೆ.

"ಸಂಡಾಸ ಹೆಂಗ ಆಗತೈತ್ರಿ? ನೀರಾಗ ತೇಲತೈತೇನು? ಜಿಡ್ಡು ಇರತೈತೇನು?"

ನಾನು ಬಾಯಿ ತೆರೆದೆ, ಮಾತಿನ ಬದಲು ಅಳು ಬಂತು. ಯಮನೂರಪ್ಪ, ಮೂರು ಮಾತು ಆಡಿದರೆ ಜಾಸ್ತಿ ಅನ್ನುವಂಥವನು, ತಾನೇ ಎಲ್ಲ ಹೇಳಿದ. ಬಣ್ಣ, ವಾಸನೆ, ಬಕೀಟು, ಸಾಬೂನು. ಅವನು ಇಷ್ಟೆಲ್ಲ ನೋಡಿದ್ದಾನೆ ಅಂತ ನನಗೆ ಗೊತ್ತೇ ಇರಲಿಲ್ಲ. "ಮೈಗೆ ಹತ್ತವಲ್ದ್ರಿ, ಡಾಕ್ಟರ್ರ," ಅಂತ ಕೊನೆಗೆ ಹೇಳಿದ.

"ಹೌದು," ಅಂದರು ಡಾಕ್ಟರಮ್ಮ. "ಹತ್ತವಲ್ದು. ಅದಕ್ಕ ಯಾಕ ಹತ್ತವಲ್ದು ನೋಡೋಣು."

ಆ ಒಂದು 'ಹೌದು'ಗಾಗಿ ನಾವು ಎಷ್ಟು ಬೆಂಚುಗಳ ಮೇಲೆ ಕೂತಿದ್ದೆವು!

ಪರೀಕ್ಷೆಗಳು ನಡೆದವು. ರಕ್ತ, ಮಲ, ಕೊನೆಗೆ ಬೆವರು ಕೂಡ. ಬೆವರು ತೆಗೆಯಲು ಕೂಸಿನ ತೋಳಿಗೆ ಯಂತ್ರ ಕಟ್ಟಿದಾಗ, "ಬೆವರಿಗೆ ಯಂತ್ರ ಯಾಕ ಬೇಕು, ನಮ್ಮ ಕೊಪ್ಪಳದ ಬಿಸಲಾಗ ನಿಂದ್ರಸಿದ್ರ ಆತು," ಅಂದೆ. ಅಲ್ಲಿದ್ದ ಹುಡುಗಿ ನಕ್ಕಳು. ನನಗೆ ನಗು ಬಂದಿರಲಿಲ್ಲ, ಹೆದರಿಕೆಗೆ ಬಾಯಿ ತಾನೇ ಆಡುತ್ತಿತ್ತು. ಬೆವರಿನಲ್ಲಿ ಉಪ್ಪು ಹೆಚ್ಚಿದ್ದರೆ ಅದು ಹುಟ್ಟಿನಿಂದ ಬಂದ, ಜೀವನಪೂರ್ತಿ ಬಿಡದ ಕಾಯಿಲೆ ಅಂತ ಹೇಳಿದ್ದರು. ಮಲದ ಪರೀಕ್ಷೆ ಹೊರಗಿನ ಊರಿಗೆ ಹೋಗಿ ಬರಬೇಕಿತ್ತು. ನಾವು ಉದ್ದನೆಯ ಕಾರಿಡಾರಿನಲ್ಲಿ ಕಾದೆವು. ಯಮನೂರಪ್ಪ ಎದುರಿನ ಗೋಡೆಯ ಗಾರೆ ನೋಡುತ್ತ ಕೂತಿದ್ದವನು ತಟ್ಟನೆ ಕೇಳಿದ, "ಉಳೀತಾಳಲ್ಲ?" ನಾನು ಅವನ ಅಂಗೈ ಹಿಡಿದುಕೊಂಡೆ. ಅಷ್ಟು ಜನರ ಎದುರಿಗೆ ಗಂಡನ ಕೈ ಹಿಡಿದದ್ದು ಅದೇ ಮೊದಲು.

ಹುಟ್ಟಿನ ಕಾಯಿಲೆ ಅಲ್ಲ ಅಂತ ಬಂತು. ಡಾಕ್ಟರಮ್ಮ ಹೇಳಿದ್ದು ನನಗೆ ತಿಳಿದಷ್ಟು ಇದು: ಆ ಬೇಧಿಯ ಹೊತ್ತಿನಲ್ಲಿ ಕೂಸು ಸೊರಗಿದಾಗ ಮೇದೋಜೀರಕ ಅನ್ನುವ ಅಂಗವೂ ಸೊರಗಿದೆ. ತುಪ್ಪ ಎಣ್ಣೆಗಳನ್ನು ಅರಗಿಸುವ ರಸ ಕೊಡುವುದು ಅದೇ. ರಸ ಇಲ್ಲದೆ ತಿಂದದ್ದು ಅರಗದು, ಅರಗದೆ ಕೂಸು ಮತ್ತೆ ಸೊರಗುತ್ತದೆ, ಅಂಗವೂ ಮತ್ತೆ ಸೊರಗುತ್ತದೆ. ಅಂದರೆ ನನ್ನ ಕೂಸು ತುಂಬಿದ ತಟ್ಟೆಯ ಎದುರಿಗೆ ಉಪವಾಸ ಇತ್ತು. ನಾವೆಲ್ಲ ಸುತ್ತ ನಿಂತು ಉಣಿಸಲಿಲ್ಲ, ಉಣಿಸಲಿಲ್ಲ ಅಂತ ಒಬ್ಬರಿಗೊಬ್ಬರು ಬೆರಳು ಮಾಡುತ್ತಿದ್ದೆವು.

"ಹೊಳ್ಳಿ ಬರತೈತೇನ್ರಿ ಅದು?" ಅಂತ ಕೇಳಿದೆ.

"ಭಾಳ ಮಕ್ಕಳಿಗೆ ಬರತೈತಿ. ಮೈ ತುಂಬಿಕೊಂಡ್ರ ಅದೂ ಎದ್ದು ಕೂಡತೈತಿ. ಅಲ್ಲೀತನಕ ಆ ರಸ ಹೊರಗಿಂದ ಕೊಡೋಣು." ಗುಳಿಗೆ ಬಿಡಿಸಿ ಒಳಗಿನ ಸಣ್ಣ ಕಾಳುಗಳನ್ನು ತಣ್ಣಗಿನ ಬಾಳೆಹಣ್ಣಿನಲ್ಲಿ ಕಲಸಿ ಪ್ರತಿ ಊಟಕ್ಕೆ ಮೊದಲು ತಿನ್ನಿಸಬೇಕು. ಬಿಸಿಗೆ ಹಾಕಬಾರದು.

ಹೊರಗೆ ಬಂದು ಅತ್ತೆಗೆ ಫೋನು ಹಚ್ಚಿದೆ. "ಅತ್ತಿ, ಯಾರ್ದೂ ತಪ್ಪಿಲ್ರಿ. ಕೂಸಿನ ಹೊಟ್ಟ್ಯಾಗ ಮೇದೋಜೀರಕ ಕೆಲಸ ಮಾಡವಲ್ದಂತ. ಅದು ಕಡಿಮಿ ಐತಂತ."

"ಏನ್ ಕಡಿಮಿ ಐತಿ?"

"ಜೀರಕ, ಜೀರಕ!"

ಸುತ್ತ ಗದ್ದಲ, ಫೋನು ಕಟ್ಟಾಯಿತು.

ಹುಬ್ಬಳ್ಳಿಯ ವಾರ್ಡಿನಲ್ಲಿ ಇದ್ದಷ್ಟು ದಿನ ನಾನೇ ಗುಳಿಗೆ ಕೊಟ್ಟೆ. ಬಟ್ಟೆಯ ಜಿಡ್ಡು ಕಡಿಮೆಯಾಯಿತು, ತೂಕ ಮೊದಲ ಸಲ ಒಂದಿಷ್ಟು ಏರಿತು. ಮನೆಗೆ ಕಳಿಸಿದರು. ಅತ್ತೆಗೆ ತೋರಿಸಿಕೊಟ್ಟು ಡ್ಯೂಟಿಗೆ ಹೋದೆ. ರಜೆ ಎಲ್ಲ ತೀರಿಹೋಗಿತ್ತು. ಆದರೆ ಮನೆಯಲ್ಲಿ ಜಿಡ್ಡು ಮರಳಿ ಬಂತು. ಕೂಸು ಮತ್ತೆ ಇಳಿಯಿತು. ಹಾಗಾದರೆ ಔಷಧಿ ನಾಟಲಿಲ್ಲವೇ? ಬಸ್ಸಿನಲ್ಲಿ ಒಬ್ಬರ ಟಿಕೆಟ್ ಇನ್ನೊಬ್ಬರಿಗೆ ಕೊಡುತ್ತಿದ್ದೆ. ಇನ್ನು ಮುಂದೆ ಹೋಗಲು ಯಾವ ಊರೂ ಉಳಿದಿಲ್ಲ ಅನ್ನುವ ಭಯ ಅದು.

ಒಂದು ದಿನ ಬಸ್ಸು ಕೆಟ್ಟು ನಿಂತು ಮಧ್ಯಾಹ್ನವೇ ಮನೆಗೆ ಬಂದೆ. ಬಾಗಿಲಲ್ಲೇ ಘಮ್ಮೆಂದು ಜೀರಿಗೆಯ ವಾಸನೆ. ಒಲೆಯ ಮೇಲೆ ಬೋಗುಣಿ, ಅದರಲ್ಲಿ ಕುದಿಯುವ ಜೀರಿಗೆ ನೀರು. ಅತ್ತೆ ಗುಳಿಗೆ ಬಿಡಿಸಿ ಕಾಳುಗಳನ್ನು ಆ ಕುದಿಯುವ ನೀರಿಗೆ ಸುರಿಯುತ್ತಿದ್ದರು. ಪಕ್ಕದಲ್ಲಿ ಪೊಟ್ಟಣ ಪೊಟ್ಟಣ ಜೀರಿಗೆ, ಓಣಿಯವರೆಲ್ಲ ತಂದುಕೊಟ್ಟದ್ದು.

"ಅತ್ತೀ! ಏನ್ ಮಾಡಾಕತ್ತೀರಿ!" ನಾನು ಕಿರುಚಿದ್ದಕ್ಕೆ ಅವರ ಕೈಯಿಂದ ಗುಳಿಗೆಯ ಸಿಪ್ಪೆ ಬಿತ್ತು.

"ಯಾಕ ಹಂಗ ಒದರ್ತಿ? ನೀನ ಅಲ್ಲನ ಫೋನಿನ್ಯಾಗ ಹೇಳಿದಾಕಿ? ಕೂಸಿನ ಹೊಟ್ಟ್ಯಾಗ ಜೀರಗಿ ಕಡಿಮಿ ಐತಿ ಅಂತ. ಅದಕ್ಕ ದಿನಾ ಒಂದ್ ಬಟ್ಲ ಜೀರಗಿ ನೀರು ಕುಡಸಾಕತ್ತೇನಿ. ನಿಮ್ಮ ಗುಳಗ್ಯಾಗೂ ನೋಡು, ಸಣ್ಣ ಸಣ್ಣ ಕಾಳು, ಜೀರಗಿನ ಅದು!"

"ಬಾಳಿಹಣ್ಣಿನಾಗ ಕೊಡ್ರಿ ಅಂತ ಹೇಳಿದ್ನಲ್ರಿ!"

"ಬಾಳಿಹಣ್ಣು ಥಂಡಿ. ಮೊದಲ ಸೊರಗಿದ ಕೂಸು, ನೆಗಡಿ ಆದ್ರ?"

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಎರಡೂ ಮಾಡಿದೆ. ಔಷಧಿಯನ್ನು ಕುದಿಸಿ ಸಾಯಿಸಿ, ನೀರಿನಿಂದ ಹೊಟ್ಟೆ ತುಂಬಿಸಿ, ಇಡೀ ಓಣಿ ಸೇರಿ ಪ್ರೀತಿಯಿಂದ ನನ್ನ ಕೂಸನ್ನು ಮತ್ತೆ ಉಪವಾಸ ಕೆಡವಿತ್ತು. ಅತ್ತೆಗೆ ವಿಷಯ ತಿಳಿದಾಗ ಕುಕ್ಕರಿಸಿಬಿಟ್ಟರು. "ನಾನ ಕೊಂದಿರತಿದ್ನಲ್ಲಬೇ ಕೂಸನ್ನ," ಅಂತ ಬಾಯಿಗೆ ಸೆರಗು ಹಚ್ಚಿಕೊಂಡರು.

ಇಲ್ಲ. ಅವರಲ್ಲ. ಮೇದೋಜೀರಕ ಅಂತೆ! ನಾಲಿಗೆ ಹೊರಳದ ಮಾತೊಂದನ್ನು ಕೈಗೆ ಕೊಟ್ಟು, ಅದರ ಜೊತೆಗೆ ಇಂಗ್ಲಿಷಿನಲ್ಲಿ ಬರೆದ ಚೀಟಿಯೊಂದನ್ನು ಕೊಟ್ಟು ಕಳಿಸಿದರೆ ತಳಕಲ್ಲಿನ ಮುದುಕಿ ಏನು ತಿಳಿಯಬೇಕು? ಆಕೆಗೆ ತಿಳಿದ ಜೀರಕ ಅಡುಗೆಮನೆಯ ಡಬ್ಬಿಯಲ್ಲಿತ್ತು. ದಿನವೆಲ್ಲ ಕೂಸಿಗೆ ಉಣಿಸುವವರು ಅತ್ತೆ. ಇಷ್ಟು ಆಸ್ಪತ್ರೆ ಸುತ್ತಿದರೂ ಒಬ್ಬರಾದರೂ, ಉಣಿಸುವವರನ್ನು ಕರೆದುಕೊಂಡು ಬಾ ಅಂದಿರಲಿಲ್ಲ. ನಾನೂ ಕರೆದುಕೊಂಡು ಹೋಗಿರಲಿಲ್ಲ, ಬಿಡಿ, ಮನೆಗೆ ಯಾರಾದರೂ ಬೇಕಲ್ಲ.

ಮರುದಿನ, ಸಂಬಳ ಕಡಿದರೆ ಕಡಿಯಲಿ ಅಂತ ಮನೆಗೆ ಬೀಗ ಹಾಕಿ ಅತ್ತೆಯನ್ನೂ ಕೂಸನ್ನೂ ಹುಬ್ಬಳ್ಳಿಗೆ ಕರೆದೊಯ್ದೆ. ಡಾಕ್ಟರಮ್ಮನ ಎದುರಿನ ಕುರ್ಚಿಯಲ್ಲಿ ಕೂರಿಸಿ, "ಇವರಿಗೆ ಹೇಳ್ರಿ. ಉಣಸೋರು ಇವರು. ಇವರಿಗೆ ತಿಳಿಯೋಹಂಗ ಹೇಳ್ರಿ," ಅಂದೆ. ದನಿ ಜೋರಾಗಿಯೇ ಇತ್ತು. ಹೊರಗೆ ಕೂತಿದ್ದವರು ಇಣುಕಿ ನೋಡಿದರು.

ಜೀರಿಗೆಯ ಕಥೆ ಕೇಳಿ ಡಾಕ್ಟರಮ್ಮ ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಅಮ್ಮಾರ, ಮನ್ಯಾಗ ಮೊಸರು ಹೆಂಗ ಮಾಡ್ತೀರಿ?" ಅಂತ ಕೇಳಿದರು.

ಅತ್ತೆ ನನ್ನ ಮುಖ ನೋಡಿದರು, ಈ ಡಾಕ್ಟರಮ್ಮನಿಗೆ ತಲೆ ಸರಿ ಇದೆಯೇ ಅನ್ನುವ ಹಾಗೆ. "ಹೆಪ್ಪು ಹಾಕ್ತೇವ್ರಿ."

"ಕುದಿಯೋ ಹಾಲಿಗೆ ಹಾಕಿದ್ರ?"

"ಹೆಪ್ಪು ಸಾಯತೈತ್ರಿ. ಹಾಲು ಆರಬೇಕು."

"ಇದು ಕೂಸಿನ ಹೊಟ್ಟಿಗೆ ಹೆಪ್ಪು ಇದ್ದಂಗ. ಆಕಿ ಹೊಟ್ಟ್ಯಾಗಿನ ಹೆಪ್ಪು ತೀರೈತಿ. ತಿಂದದ್ದು ಹಂಗ ಹೋಗತೈತಿ. ಈ ಕಾಳು ಹೊರಗಿನ ಹೆಪ್ಪು."

ಅತ್ತೆಗೆ ಬಂದ ಸಿಟ್ಟು ನನ್ನ ಸಿಟ್ಟನ್ನೂ ಮೀರಿಸಿತು. "ಹಂಗಾರ ಹೆಪ್ಪು ಅಂತ ಹೇಳಾಕ ನಿಮಗ ಏನಾಗಿತ್ರಿ ಮೊದಲ?"

ಡಾಕ್ಟರಮ್ಮ ತಪ್ಪಾಯ್ತು ಅಂದರು. ಡಾಕ್ಟರರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ. ಅದಕ್ಕೇ ಆಕೆಯ ಮೇಲೆ ನನಗೆ ಗೌರವ.

ಅಲ್ಲಿಂದ ಮುಂದೆ ಅತ್ತೆಯನ್ನು ಹಿಡಿಯುವವರಿಲ್ಲ. ಹೆಪ್ಪಿನ ಗುಳಿಗೆಯನ್ನು ತಣ್ಣಗಿನ ಬಾಳೆಹಣ್ಣಿನಲ್ಲಿ ಕಲಸಿ, ಯಾರಾದರೂ ಬಿಸಿ ತಂಬಿಗೆ ಹಿಡಿದು ಹತ್ತಿರ ಬಂದರೆ "ದೂರ ಸರೀರಿ!" ಅಂತ ಗದರಿಸುತ್ತಿದ್ದರು. ಸುಧಾರಿಸಲು ಹೊತ್ತು ಹಿಡಿಯಿತು. ನಡುವೆ ಒಮ್ಮೆ ಜ್ವರ ಬಂತು, ಒಮ್ಮೆ ಗುಳಿಗೆ ಸಿಗಲಿಲ್ಲ. ಆದರೆ ಒಂದು ಮುಂಜಾನೆ ನಾನು ಡ್ಯೂಟಿಗೆ ಹೊರಡುವಾಗ ಶ್ರಾವಣಿ ಅತ್ತಳು. ಬಾಯಿ ಬಿಚ್ಚಿ, ಕಾಲು ಬಡಿದು, ನನ್ನದೇ ಗಂಟಲಿನಲ್ಲಿ ಅತ್ತಳು. ಹಸಿವಾಗಿತ್ತು ಅವಳಿಗೆ! ಅತ್ತೆ ತಟ್ಟೆ ತರುವಷ್ಟರಲ್ಲಿ ನನ್ನ ಬೆರಳು ಕಚ್ಚಿದಳು. ಹೊಸ ಹಲ್ಲು, ರಕ್ತ ಬಂತು. ಆ ಗಾಯವನ್ನು ಡ್ರೈವರ್‌ಗೆ, ಚೆಕಿಂಗ್‌ನವರಿಗೆ, ಕುಷ್ಟಗಿಯಲ್ಲಿ ಹತ್ತಿದವರಿಗೆಲ್ಲ ತೋರಿಸಿದೆ.

ಮೈ ತುಂಬಿತು ಅಂತ ಡಾಕ್ಟರಮ್ಮ ಗುಳಿಗೆ ನಿಲ್ಲಿಸಿ ಬಹಳ ದಿನಗಳಾದ ಮೇಲೆ, ಮಕ್ಕಳ ಆಹಾರದ ಬಗ್ಗೆ ಕಾರ್ಯಕ್ರಮವೊಂದು ಆಯಿತು. ಸುಧಾರಿಸಿದ ಕೂಸಿನ ತಾಯಿ ಅಂತ ನನ್ನನ್ನೂ ಕರೆದರು. ಸಭಾಭವನದ ತುಂಬ ಹಳ್ಳಿಯ ತಾಯಂದಿರು, ಮಡಿಲಲ್ಲಿ ಮಕ್ಕಳು, ವೇದಿಕೆಯ ಮೇಲೆ ಶಾಲು ಹಾರಗಳ ಸಾಲು. ಹತ್ತುವ ಮೊದಲು ಕಾರ್ಯಕ್ರಮದವರೊಬ್ಬರು ಬಂದು ಕಿವಿಯಲ್ಲಿ ಹೇಳಿದರು, "ಭಾಳ ಏನ್ ಬ್ಯಾಡ್ರಿ. ನನಗ ಮೊದಲ ತಿಳುವಳಿಕಿ ಇರಲಿಲ್ಲ, ಉಣಸಾಕ ಬರತಿರಲಿಲ್ಲ, ಅಧಿಕಾರಿಗಳು ತಿಳಿಸಿಕೊಟ್ಟ ಮ್ಯಾಲ ಕೂಸು ಸುಧಾರಿಸ್ತು ಅನ್ರಿ. ಎರಡ ಮಾತು."

ಸಾಹೇಬರೊಬ್ಬರ ಭಾಷಣ ನಡೆದಿತ್ತು. ತಾಯಂದಿರ ಅಜ್ಞಾನವೇ ಮಕ್ಕಳ ಅಪೌಷ್ಟಿಕತೆಗೆ ಮೂಲ ಅಂತ ಹೇಳುತ್ತಿದ್ದರು. ಎದುರಿಗೆ ಕೂತಿದ್ದ ಹೆಂಗಸರು ತಲೆ ತಗ್ಗಿಸಿಕೊಂಡು, ಬಡಕಲು ಕೂಸುಗಳ ಕಾಲಿನ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು. ಅದನ್ನು ನೋಡಿ ನನ್ನ ಮೈ ಉರಿಯಿತು.

ಮೈಕು ನನ್ನ ಕೈಗೆ ಬಂತು. ನನಗೆ ಮೈಕು ಬೇಕಾಗಿಯೂ ಇಲ್ಲ.

"ನನಗ ಉಣಸಾಕ ಬರತಿತ್ರಿ," ಅಂದೆ. "ನಮ್ಮತ್ತಿಗೂ ಬರತಿತ್ತು. ಕೂಸು ಉಣತಿತ್ತು. ಉಂಡದ್ದು ಅರಗತಿರಲಿಲ್ಲ. ಅದನ್ನ ನಾ ಬಾಯಿ ಹರಕೊಂಡು ಹೇಳಿದ್ರೂ ಯಾರೂ ಕೇಳಲಿಲ್ಲ. ಕಳ್ಳಿ ಅಂದ್ರು. ಕೂಸಿನ ಹಾಲು ಕುಡಿಯಾಕಿ ಅಂದ್ರು. ಇಲ್ಲಿ ಕುಂತ ತಾಯಂದ್ರೊಳಗ ಎಷ್ಟು ಮಂದಿ ಉಣಿಸಿ ಉಣಿಸಿ ಸೋತು ಕುಂತೀರಿ, ನನಗ ಗೊತ್ತಿಲ್ಲ. ತಲಿ ಎತ್ರಿ ಮೊದಲ."

ಹಿಂದಿನಿಂದ ಯಾರೋ ಮೈಕು ತೆಗೆದುಕೊಳ್ಳಲು ಕೈ ಚಾಚಿದರು. ನಾನು ಬಿಡಲಿಲ್ಲ. ಅಷ್ಟರಲ್ಲಿ ಕೊನೆಯ ಸಾಲಿನಲ್ಲಿ ಸಣ್ಣ ವಯಸ್ಸಿನ ಹೆಂಗಸೊಬ್ಬಳು ಎದ್ದು ನಿಂತಳು. ಸೆರಗಿನೊಳಗಿಂದ ಕೂಸಿನ ಎರಡು ಕಾಲು ಕಾಣುತ್ತಿದ್ದವು, ಕಡ್ಡಿಯಂಥವು.

"ಅಕ್ಕಾರ," ಅಂದಳು. ದನಿ ಕೇಳುವಂತಿರಲಿಲ್ಲ. "ನನ್ನ ಕೂಸಿಗೂ ಹಂಗ ಆಗತೈತ್ರಿ. ನಾ ಯಾರ ಮುಂದೂ ಹೇಳಿಲ್ರಿ. ಬೈತಾರಂತ."

"ಕೂಡಮ್ಮ, ಕೂಡು," ಅಂದರು ಸಾಹೇಬರು. "ಪ್ರಶ್ನೆಗಳು ಆಮೇಲೆ."

"ಸಾಹೇಬ್ರ, ನೀವು ಕೂಡ್ರಿ," ಅಂದೆ ನಾನು. "ಹೇಳವ್ವ ತಂಗಿ. ಜೋರಾಗಿ ಹೇಳು."